ಕೂರ್ಮದೃಷ್ಟಾಂತವೂ ಕಡಲಾಮೆಯೂ

ಕೂರ್ಮವು ದೂರದಲ್ಲಿದ್ದರೂ ಸ್ಮರಣಮಾತ್ರದಿಂದ ಮರಿಗಳನ್ನು ಪೋಷಿಸುವುದೆಂಬ ದೃಷ್ಟಾಂತವು ಗುರುಕೃಪೆಯ ನಿರೂಪಣೆಯಲ್ಲಿ ಚಿರಪ್ರಸಿದ್ಧವಾದುದು. ಕಡಲಾಮೆಯ ವಿಷಯದಲ್ಲಿ ಇದು ವಸ್ತುಸ್ಥಿತಿಗೆ ಹೊಂದದು. ಹೊನ್ನಾವರ, ಕುಂದಾಪುರಗಳ ತೀರಗಳಲ್ಲಿ ಆಲಿವ್ ರಿಡ್ಲೆ ಎಂಬ ಜಾತಿಯ ಹೆಣ್ಣಾಮೆಯು ಸುಮಾರು 100 ಮೊಟ್ಟೆಗಳನ್ನು ಮರಳಿನಲ್ಲಿ ಹುಗಿದು ಸಮುದ್ರಕ್ಕೆ ಹಿಂದಿರುಗುವುದು. ಮತ್ತೆ ಮರಿಗಳತ್ತ ಸುಳಿಯದು. ಏಳೆಂಟು ವಾರಗಳಲ್ಲಿ ಮರಳಿನ ಕಾವಿನಿಂದಲೇ ಮರಿಗಳು ಹೊರಬೀಳುವುವು. ಅಷ್ಟರೊಳಗೆ ನಾಯಿನರಿಗಳೂ ಮೊಟ್ಟೆಗಳ್ಳರೂ ಗೂಡನ್ನು ಬಗೆಯುವುದುಂಟು. ಹೊರಬಂದ ಮರಿಗಳಿಗೆ ದಡದ ದೀಪಗಳು ದಾರಿ ತಪ್ಪಿಸುವುವು. ಮದ್ದೂರು ಸೀಮೆಯ ಕೆರೆಯಾಮೆಯಂತೆ ತಲೆಕಾಲುಗಳನ್ನು ಚಿಪ್ಪಿನೊಳಗೆ ಅಡಗಿಸುವ ಶಕ್ತಿಯೂ ಕಡಲಾಮೆಗಿಲ್ಲ. ಬಲೆಯಲ್ಲಿ ಸಿಕ್ಕಿದರೆ ಉಸಿರುಗಟ್ಟಿ ಸಾಯುವುದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ಇದರ ವಧೆಯೂ ಮೊಟ್ಟೆಗಳ ಅಪಹರಣವೂ ನಿಷಿದ್ಧ. ದೃಷ್ಟಾಂತವು ಗ್ರಂಥಗಳಲ್ಲಿ ನಿಲ್ಲಲಿ. ಆದರೆ ಅದನ್ನು ಬೋಧಿಸುವವರು, ತಾಯಿ ನೆನೆಯದ ಮರಿಗಳನ್ನು ಮನುಷ್ಯನೇ ನೆನೆಯಬೇಕೆಂಬುದನ್ನೂ ಸೇರಿಸಿ ಹೇಳತಕ್ಕದ್ದು.