ತ್ಯಾಪಿ ಹಚ್ಚಿದ ಬಾಯ್ಲರ್

ಕಬ್ಬಿನ ಹಾಲು ಕುದಿಸುವ ಕಡಾಯಿ ಮುಂದ ನಿಂತವರಿಗೆ ಹಬೆ ಅಂದ್ರೇನು ಅಂತ ಹೇಳಬೇಕಾಗಿಲ್ಲ. ಕಡಾಯಿ ಬಾಯಿ ತೆರೆದಿರುತ್ತದೆ, ಹಬೆ ತನ್ನ ಪಾಡಿಗೆ ಮ್ಯಾಲ ಹೋಗುತ್ತದೆ. ಅದೇ ಹಬೆಯನ್ನು ಕಬ್ಬಿಣದ ಹಂಡ್ಯಾಗ ಮುಚ್ಚಿಟ್ಟರ ಸುಮ್ಮನಿರೋದಿಲ್ಲ. ನೀರು ಹಬೆ ಆದಾಗ ಸಾವಿರ ಪಟ್ಟಿಗಿಂತಲೂ ಹೆಚ್ಚು ಜಾಗ ಬೇಡುತ್ತದೆ. ಆ ಜೋರಿಗೆ ದಾರಿ ಕೊಟ್ಟರ ಚಕ್ರ ತಿರುಗುತ್ತದೆ. ಕೊಡದಿದ್ದರ ಹಂಡೆ ಒಡೆಯುತ್ತದೆ. ಈ ಹಂಡೆಗೇ ಬಾಯ್ಲರ್ ಅಂತಾರ.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಮ್ಮ ತಾಂಡೂರಿನ ಮ್ಯಾಲ ರೈಲು ಬಂತು. ಅದನ್ನು ಎಳೆದದ್ದೂ ಹಬೆಯೇ. ಅದಕ್ಕೂ 9 ವರ್ಷ ಮೊದಲು ಅಮೆರಿಕಾ ದೇಶದ ಮಿಸಿಸಿಪ್ಪಿ ನದಿಯೊಳಗ ಒಂದು ಹಬೆ ಹಡಗು ಸಿಡಿಯಿತು. ಅದರ ಹೆಸರು ಸುಲ್ತಾನಾ. ಹೆಸರು ನಮ್ಮ ಓಣಿಯದ್ದೇ ಅನಿಸುತ್ತದೆ, ಕತಿ ಮಾತ್ರ ದೂರದ್ದು.

ಸುಲ್ತಾನಾ ಕಟ್ಟಿಗಿ ಹಡಗು. 1863ರಲ್ಲಿ ಕಟ್ಟಿದ್ದು. ಕಾಯ್ದೆ ಪ್ರಕಾರ 376 ಮಂದಿ ಪ್ರಯಾಣಿಕರನ್ನು ಹೊರಬೇಕು. 1865ರ ಏಪ್ರಿಲಿನಲ್ಲಿ ಅಲ್ಲಿಯ ಅಂತರ್ಯುದ್ಧ ಮುಗಿಯುತ್ತಿತ್ತು. ದಕ್ಷಿಣದವರ ಸೆರೆಯಲ್ಲಿದ್ದ ಉತ್ತರದ ಸೈನಿಕರು ಬಿಡುಗಡೆಯಾಗಿ ವಿಕ್ಸ್‌ಬರ್ಗ್ ಊರಿಗೆ ಬಂದು ಕುಂತಿದ್ದರು. ಉಪವಾಸ ಬಿದ್ದು ಎಲುಬು ಕಾಣುತ್ತಿದ್ದ ಜನ. ಎಲ್ಲರ ಮನಸ್ಸಿನ್ಯಾಗ ಒಂದೇ ಮಾತು: ಮನಿಗೆ ಹೋಗಬೇಕು.

ಸರ್ಕಾರ ಸಿಪಾಯಿಗೆ ಇಷ್ಟು, ಅಧಿಕಾರಿಗೆ ಇಷ್ಟು ಅಂತ ತಲೆ ಲೆಕ್ಕದ ಮ್ಯಾಲ ಬಾಡಿಗೆ ಕೊಡುತ್ತಿತ್ತು. ತಲೆ ಹೆಚ್ಚಿದಷ್ಟು ರೊಕ್ಕ. ಅದೇ ಹೊತ್ತಿಗೆ ಹಡಗಿನ ನಾಲ್ಕು ಬಾಯ್ಲರ್‌ಗಳೊಳಗ ಒಂದರ ತಗಡು ಉಬ್ಬಿ ಸೋರುತ್ತಿತ್ತು. ರಿಪೇರಿಗೆ ಬಂದ ಮಿಸ್ತ್ರಿ ನೋಡಿ, ಹಳೇ ತಗಡು ತೆಗೆದು ಹೊಸದು ಹಾಕಬೇಕು ಅಂದ. ಅದಕ್ಕೆ ದಿನ ಹಿಡಿಯುತ್ತದೆ. ಅಷ್ಟರೊಳಗ ಮಂದಿ ಬೇರೆ ಹಡಗು ಹತ್ತಿಬಿಟ್ಟರೆ? ಕ್ಯಾಪ್ಟನ್ ಕಾಯಲಿಲ್ಲ. ಮೊದಲಿನದಕ್ಕಿಂತ ತೆಳ್ಳಗಿನ ತಗಡಿನ ತುಂಡೊಂದನ್ನು ತ್ಯಾಪಿ ಹಚ್ಚಿಸಿ ಹೊಂಟ. 376 ಮಂದಿಯ ಹಡಗಿನಲ್ಲಿ 2,000ಕ್ಕೂ ಹೆಚ್ಚು ಮಂದಿ. ಏಪ್ರಿಲ್ 26ರಂದು ಹೆಲೆನಾ ಊರಲ್ಲಿ ತೆಗೆದ ಫೋಟೋ ಇವತ್ತಿಗೂ ಅದೆ. ಅಟ್ಟದಾಗ ಕಾಲಿಡಲು ಜಾಗ ಇಲ್ಲದಂಗ ಮಂದಿ ನಿಂತಾರ.

ಏಪ್ರಿಲ್ 27ರ ಬೆಳಗಿನ ಜಾವ ಸುಮಾರು 2 ಗಂಟೆಗೆ, ಮೆಂಫಿಸ್ ಊರು ದಾಟಿ ಕೆಲವೇ ಮೈಲು ಹೋದ ಮ್ಯಾಲ ಬಾಯ್ಲರ್ ಸಿಡಿಯಿತು. ನಾಲ್ಕರೊಳಗ ಮೂರು ಹೋದವು. ಯಾಕ ಅನ್ನೋದಕ್ಕೆ ತ್ಯಾಪಿ ಒಂದೇ ಕಾರಣ ಅಂತ ಹೇಳಲಾಗದು. ನದಿ ನೀರು ಕೆಸರು, ಅದು ಬಾಯ್ಲರ್ ಒಳಗ ಗಸಿ ಕಟ್ಟುತ್ತದೆ. ಮ್ಯಾಲ ಭಾರ ಹೆಚ್ಚಾದ ಹಡಗು, ಹೊರೆ ಹೇರಿದ ಬಂಡಿಯಂಗ ಅತ್ತಿತ್ತ ವಾಲುತ್ತದೆ. ವಾಲಿದಾಗ ಒಂದು ಬದಿಯ ಬಾಯ್ಲರ್‌ನ ನೀರು ಇನ್ನೊಂದು ಬದಿಗೆ ಹೋಗುತ್ತದೆ. ನೀರಿಲ್ಲದ ಕಡೆ ಕಬ್ಬಿಣ ಕಾದು ಕೆಂಪಗಾಗುತ್ತದೆ, ಹಡಗು ನೆಟ್ಟಗಾದಾಗ ಅದರ ಮ್ಯಾಲ ಮತ್ತೆ ನೀರು ಬೀಳುತ್ತದೆ. ಇದೆಲ್ಲ ಕೂಡಿಯೇ ಆ ರಾತ್ರಿ ಆಗಿರಬೇಕು ಅಂತಾರ ಬಲ್ಲವರು.

ಹಬೆಯಲ್ಲಿ ಬೆಂದವರು ಬೆಂದರು. ಉಳಿದವರು ಬೆಂಕಿಗೆ ಹೆದರಿ ನೀರಿಗೆ ಹಾರಿದರು. ನದಿಗೆ ಮಹಾಪೂರ, ನೀರು ಥಂಡಿ, ಮೈಯಾಗ ಶಕ್ತಿ ಇಲ್ಲ. ಸತ್ತವರು 1,100ಕ್ಕಿಂತ ಹೆಚ್ಚು. 1,800 ಅಂತ ಎಣಿಸಿದವರೂ ಅದಾರ. 1912ರ ಟೈಟಾನಿಕ್ ಹೆಸರು ಪೋರರಿಗೂ ಗೊತ್ತು, ಸುಲ್ತಾನಾ ಯಾರಿಗೂ ಗೊತ್ತಿಲ್ಲ. ಅದೇ ತಿಂಗಳು ಅಲ್ಲಿಯ ಅಧ್ಯಕ್ಷ ಲಿಂಕನ್ನರ ಕೊಲೆ ಆಗಿತ್ತು. ಪತ್ರಿಕೆ ತುಂಬ ಅದೇ ಸುದ್ದಿ. ಬಡ ಸಿಪಾಯಿಗಳ ಸಾವು ಮೂಲೆಗೆ ಬಿತ್ತು.

ಕ್ಯಾಪ್ಟನ್ ಹಡಗಿನ ಜೋಡಿಯೇ ಸತ್ತ. ಸೈನ್ಯದ ಅಧಿಕಾರಿಗಳೊಳಗ ಫ್ರೆಡ್ರಿಕ್ ಸ್ಪೀಡ್ ಅನ್ನುವ ಒಬ್ಬನ ಮ್ಯಾಲ ವಿಚಾರಣೆ ನಡೆದು ತಪ್ಪಿತಸ್ಥ ಅಂದರು. ಆಮ್ಯಾಲ ಅದನ್ನೂ ರದ್ದು ಮಾಡಿದರು. ಯಾರಿಗೂ ಶಿಕ್ಷೆ ಆಗಲಿಲ್ಲ. ಬದುಕಿದವರೊಳಗ ಚೆಸ್ಟರ್ ಬೆರಿ ಅನ್ನುವವ ಜೊತಿಗಾರರ ಬಾಯಿಂದ ಬಂದ ಮಾತು ಕೂಡಿಸಿ 1892ರಲ್ಲಿ ಪುಸ್ತಕ ಮಾಡಿದ. ನಾನು ಹಾಡಾವ, ನನಗ ಅವನ ಕೆಲಸ ದೊಡ್ಡದು ಕಾಣುತ್ತದೆ. ಕೋರ್ಟು ಮರೆತದ್ದನ್ನು ಬಾಯಿ ಮಾತು ಉಳಿಸಿತು.

ನಮ್ಮ ದೇಶದಾಗೂ 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಒಡೆದು ದೊಡ್ಡ ಅನಾಹುತ ಆಯಿತು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಗೆ ಕಾಯ್ದೆ ಬಂತು. 1923ರಲ್ಲಿ ಇಂಡಿಯನ್ ಬಾಯ್ಲರ್ಸ್ ಆಕ್ಟ್ ಆಯಿತು. ಸಕ್ಕರೆ ಕಾರ್ಖಾನೆ ಬಾಯ್ಲರ್ ಹೊತ್ತಿಸುವ ಮೊದಲು ತಪಾಸಣೆಯ ಸರ್ಟಿಫಿಕೇಟ್ ಬೇಕು ಅನ್ನೋದರ ಹಿಂದ ಸತ್ತವರ ಲೆಕ್ಕ ಅದೆ.

2025ರ ಜೂನ್ 30ರಂದು ನಮ್ಮದೇ ಸಂಗಾರೆಡ್ಡಿ ಜಿಲ್ಲೆಯ ಪಾಶಮೈಲಾರಂನಲ್ಲಿ ಔಷಧ ಕಾರ್ಖಾನೆ ಸಿಡಿದು 40ಕ್ಕೂ ಹೆಚ್ಚು ಮಂದಿ ಸತ್ತರು. ಅದು ಹಡಗಲ್ಲ, ಅಲ್ಲಿಯ ಕಾರಣವೂ ಬೇರೆ. ಆದರ ಅಲ್ಲಿದ್ದವರೊಳಗ ಬಹಳ ಮಂದಿ ಬಿಹಾರ, ಒಡಿಶಾದಿಂದ ದುಡಿಯಲು ಬಂದವರು. ಅವರಿಗೂ ಮನಿಗೆ ಹೋಗೋದಿತ್ತು. ಜಹೀರಾಬಾದ್, ನಾರಾಯಣಖೇಡ ಕಡಿಯಿಂದ ಆ ದಾರಿಗೆ ಕೆಲಸಕ್ಕೆ ಹೋಗುವ ಮಕ್ಕಳಿಗೆ ನಾನು ಹೇಳೋದಿಷ್ಟೇ: ಮಿಸ್ತ್ರಿ ಬ್ಯಾಡ ಅಂದ ಮಿಷನ್ ನಡಿಸು ಅಂದರ, ಯಾಕ ಅಂತ ಬಾಯಿ ಬಿಟ್ಟು ಕೇಳ್ರಿ.

ಮಿಸಿಸಿಪ್ಪಿ ಆಮ್ಯಾಲ ತನ್ನ ದಾರಿ ಬದಲಿಸಿತು. 1982ರಲ್ಲಿ ಆರ್ಕಾನ್ಸಾ ಕಡೆಯ ಒಂದು ಸೋಯಾ ಹೊಲದ ತಳದಾಗ ಸುಟ್ಟ ಹಲಗೆಗಳು ಸಿಕ್ಕವು. ಅವು ಸುಲ್ತಾನಾದ್ದೇ ಅಂತ ನಂಬ್ಯಾರ. ನಾವೂ ಸೋಯಾ ಬಿತ್ತುವವರು. ಅಲ್ಲಿಯ ರೈತ ಪ್ರತಿ ವರ್ಷ ಬಿತ್ತಿ ಬೆಳೆದದ್ದು ಆ ಹಡಗಿನ ಮ್ಯಾಲ.