ಕಾಮದಹನದ ಕಟ್ಟಿಗೆ–ಕುಳ್ಳು ಸಂಗ್ರಹ

ಕಾಮದಹನದ ಕಟ್ಟಿಗೆ–ಕುಳ್ಳು ಸಂಗ್ರಹವು ಹೋಳಿ ಹುಣ್ಣಿಮೆಗೆ ಮುನ್ನ ಮಕ್ಕಳು ಮತ್ತು ಯುವಕರು ಮನೆಮನೆಗೆ ತೆರಳಿ ಉರುವಲು ಬೇಡುವ, ಕೊಡದಿದ್ದರೆ ಕದ್ದು ತರುವ ರೂಢಿಯಾಗಿದೆ. ಇದು ಬಾಗಲಕೋಟೆ, ವಿಜಯಪುರ, ಬೆಳಗಾವಿ, ಧಾರವಾಡ ಮೊದಲಾದ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಕಂಡುಬರುತ್ತದೆ. ಜಮಖಂಡಿ ತಾಲ್ಲೂಕಿನ ಸಾವಳಗಿ ಈ ಪ್ರದೇಶಕ್ಕೆ ಸೇರಿದ ಊರು. ಹಬ್ಬದ ದಿನಗಳ ಈ ಕಳವನ್ನು ಸಾಮಾನ್ಯವಾಗಿ ಅಪರಾಧವೆಂದು ಎಣಿಸುವುದಿಲ್ಲ. ಆದರೆ ಸಮ್ಮತಿ ಇಡೀ ಊರಿನದು, ನಷ್ಟ ಒಂದು ಮನೆಯದು. ಹೀಗಾಗಿ ಪಾಲ್ಗೊಳ್ಳಲು ಇಚ್ಛಿಸದ ಮನೆಯವರೊಂದಿಗೆ ನಡೆದುಕೊಳ್ಳುವ ರೀತಿಯು ಈ ಆಚರಣೆಯ ಮುಖ್ಯ ಪ್ರಶ್ನೆಯಾಗಿದೆ.

ಹಿನ್ನೆಲೆ

ಶಿವನು ಮೂರನೆಯ ಕಣ್ಣಿನಿಂದ ಮನ್ಮಥನನ್ನು ಸುಟ್ಟ ಪುರಾಣ ಕಥೆಯೇ ಕಾಮದಹನದ ಮೂಲ. ಫಾಲ್ಗುಣ ಮಾಸದ ಹುಣ್ಣಿಮೆಯ ಸಮಯದಲ್ಲಿ ಓಣಿಯ ಕೂಡುಜಾಗದಲ್ಲಿ ಕಟ್ಟಿಗೆ ಮತ್ತು ಕುಳ್ಳನ್ನು ಒಟ್ಟಿ ಕಾಮನನ್ನು ಸುಡಲಾಗುತ್ತದೆ. ಮಕ್ಕಳು ಹಲಗೆ ಬಾರಿಸುತ್ತ, ಅಂಗೈಯ ಹಿಂಬದಿಯಿಂದ ಬಾಯಿ ಬಡಿದುಕೊಳ್ಳುತ್ತ ಕೂಗುವುದು ಕಾಮನ ಸಾವಿನ ಶೋಕವನ್ನು ಸೂಚಿಸುತ್ತದೆ. ದಹನದ ನಂತರ ಬೆಂಕಿಯನ್ನು ಮನೆಗೆ ಒಯ್ಯುವ, ಅದರಲ್ಲಿ ಕಡಲೆ ಸುಟ್ಟು ತಿನ್ನುವ ಹಾಗೂ ಬೂದಿಯನ್ನು ಹಣೆಗೆ ಹಚ್ಚಿಕೊಳ್ಳುವ ಪದ್ಧತಿಗಳಿವೆ. ಹೀಗೆ ಮನೆಗಳಿಂದ ಹೊರಟ ಉರುವಲು ಬೆಂಕಿಯಾಗಿ ಮನೆಗಳಿಗೆ ಮರಳುತ್ತದೆ.

ಸಂಗ್ರಹದ ಕ್ರಮ

ಹುಣ್ಣಿಮೆಗೆ ಕೆಲವು ದಿನಗಳ ಮೊದಲೇ ಓಣಿಯ ಹುಡುಗರು ಗುಂಪು ಕಟ್ಟಿಕೊಳ್ಳುತ್ತಾರೆ. ಹಗಲಿನಲ್ಲಿ ಮನೆಗಳ ಮುಂದೆ ನಿಂತು ಕಟ್ಟಿಗೆ, ಕುಳ್ಳು ಅಥವಾ ಪಟ್ಟಿಯನ್ನು, ಅಂದರೆ ಹಣದ ವಂತಿಗೆಯನ್ನು ಕೇಳುತ್ತಾರೆ. ಕೊಡದವರನ್ನು ಕುರಿತು ಹಾಸ್ಯದ ಬೈಗುಳಗಳನ್ನು ಕೂಗುವುದುಂಟು. ರಾತ್ರಿಯ ವೇಳೆ ಹಿತ್ತಲು ಮತ್ತು ಕಣಗಳಿಂದ ಉರುವಲನ್ನು ಕದಿಯಲಾಗುತ್ತದೆ. ಕಾಮನ ರಾಶಿಗೆ ಸೇರಿದ ವಸ್ತುವನ್ನು ಮರಳಿ ಪಡೆಯಬಾರದೆಂಬ ನಂಬಿಕೆ ಹಲವೆಡೆ ಇರುವುದರಿಂದ, ಮಾಲೀಕರು ತಮ್ಮ ವಸ್ತು ರಾಶಿಗೆ ಸೇರುವ ಮೊದಲೇ ಅದನ್ನು ಬಿಡಿಸಿಕೊಳ್ಳಬೇಕಾಗುತ್ತದೆ.

ನಷ್ಟದ ಸ್ವರೂಪ

ಸಗಣಿಯನ್ನು ತಟ್ಟಿ ಒಣಗಿಸಿದ ಕುಳ್ಳು ಮಳೆಗಾಲದ ಉರುವಲು. ಬಿಸಿಲಿನ ತಿಂಗಳುಗಳಲ್ಲಿ, ಹೆಚ್ಚಾಗಿ ಹೆಂಗಸರ ದುಡಿಮೆಯಿಂದ ಸಿದ್ಧವಾಗುವ ಕುಳ್ಳನ್ನು ಬಣವೆ ಒಟ್ಟಿ ಕಾಯ್ದಿಡಲಾಗುತ್ತದೆ. ಒಲೆಯನ್ನೇ ನೆಚ್ಚಿದ ಬಡ ಕುಟುಂಬಕ್ಕೆ ಬಣವೆಯ ಒಂದು ಭಾಗ ಹೋದರೂ ಅದು ತಮಾಷೆಯಾಗಿ ಉಳಿಯುವುದಿಲ್ಲ. ಕುಂಟೆ, ಕೂರಿಗೆ, ನೊಗ, ಏಣಿ, ಬಾಗಿಲುಗಳನ್ನು ಹೊತ್ತೊಯ್ದಾಗ ಮುಂಗಾರಿನ ಬಿತ್ತನೆಗೇ ತೊಂದರೆಯಾಗಬಹುದು. ಈ ಕಾರಣದಿಂದ ಹೋಳಿಯ ಸಮಯದಲ್ಲಿ ರೈತರು ಉಪಕರಣಗಳನ್ನು ಮನೆಯೊಳಗೆ ಇಡುವುದು ಮತ್ತು ಬಣವೆಯ ಬಳಿ ರಾತ್ರಿ ಕಾವಲು ಕಾಯುವುದು ರೂಢಿಯ ಇನ್ನೊಂದು ಮುಖವಾಗಿದೆ.

ಪಾಲ್ಗೊಳ್ಳದವರು

ಸಾವು ಸಂಭವಿಸಿದ ಮನೆಯವರು, ಅನಾರೋಗ್ಯಪೀಡಿತರು, ಒಂಟಿ ವೃದ್ಧರು, ಬೇರೆ ನಂಬಿಕೆಯವರು ಹಾಗೂ ಗದ್ದಲವನ್ನು ಇಷ್ಟಪಡದವರು ಹಬ್ಬದಿಂದ ದೂರ ಉಳಿಯುವುದುಂಟು. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳೂ ಈ ಸಾಲಿಗೆ ಸೇರುತ್ತಾರೆ: 2024ರಲ್ಲಿ ಹೋಳಿ ಬಂದ ಮಾರ್ಚ್ 25ರಂದೇ ರಾಜ್ಯದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಆರಂಭವಾಯಿತು. ನಿರಾಕರಣೆಯನ್ನು ತಿಳಿಸಲು ಈ ಆಚರಣೆಯಲ್ಲಿ ಎಲ್ಲರೂ ಒಪ್ಪಿದ ಸಂಕೇತವಿಲ್ಲ. ಮುಚ್ಚಿದ ಬಾಗಿಲನ್ನು ಹುಡುಗರು ಆಹ್ವಾನವೆಂದೇ ತಿಳಿಯಬಹುದು. ಆದ್ದರಿಂದ ಓಣಿಯ ಹಿರಿಯರ ಮೂಲಕ ಮೊದಲೇ ಹೇಳಿಸುವುದು, ಅಥವಾ ಒಂದಿಷ್ಟು ಉರುವಲನ್ನು ತಾವಾಗಿಯೇ ಕೊಟ್ಟು ಉಳಿದುದನ್ನು ರಕ್ಷಿಸಿಕೊಳ್ಳುವುದು ಬಳಕೆಯಲ್ಲಿರುವ ಮಾರ್ಗಗಳು. ಎರಡನೆಯ ಮಾರ್ಗದಲ್ಲಿ ಕೊಡುಗೆ ಮತ್ತು ಒತ್ತಾಯಗಳ ನಡುವಿನ ಗೆರೆ ತೆಳುವಾಗುತ್ತದೆ.

ಕಾನೂನು

ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚರ ವಸ್ತುವನ್ನು ಅಪ್ರಾಮಾಣಿಕವಾಗಿ ಒಯ್ಯುವುದು ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನ ಪ್ರಕಾರ ಕಳವು. ಹಬ್ಬಕ್ಕೆಂದು ಅದರಲ್ಲಿ ವಿನಾಯಿತಿಯಿಲ್ಲ. ಸಾಮಾನ್ಯ ವ್ಯಕ್ತಿ ದೂರದಷ್ಟು ಅಲ್ಪವಾದ ಹಾನಿಯನ್ನು 33ನೆಯ ಕಲಮು, ಏಳು ವರ್ಷಕ್ಕಿಂತ ಕಿರಿಯ ಮಕ್ಕಳ ಕೃತ್ಯವನ್ನು 20ನೆಯ ಕಲಮು ಅಪರಾಧದ ವ್ಯಾಪ್ತಿಯಿಂದ ಹೊರಗಿಡುತ್ತವೆ. ಮರ ಕಡಿಯುವುದನ್ನು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ನಿಯಂತ್ರಿಸುತ್ತದೆ.

ಹೋಲಿಕೆ

ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದಲ್ಲಿ ವೇಷ ಧರಿಸಿದ ಮಕ್ಕಳು ಮನೆಮನೆಗೆ ಹೋಗಿ ಸಿಹಿತಿಂಡಿ ಕೇಳುವ ‘ಟ್ರಿಕ್ ಆರ್ ಟ್ರೀಟ್’ ರೂಢಿಯು ಇದಕ್ಕೆ ಸಮೀಪದ್ದು. ಅಲ್ಲಿಯೂ ‘ಕೊಡದಿದ್ದರೆ ಕೀಟಲೆ’ ಎಂಬ ಹುಸಿ ಬೆದರಿಕೆಯಿದೆ. ಆದರೆ ಉತ್ತರ ಅಮೆರಿಕದಲ್ಲಿ ಮನೆಯ ಮುಂದಿನ ದೀಪ ಆರಿಸಿದ್ದರೆ ಆ ಮನೆಯವರು ಪಾಲ್ಗೊಳ್ಳುವುದಿಲ್ಲವೆಂದು ತಿಳಿದು ಬಾಗಿಲು ತಟ್ಟದೆ ಮುಂದೆ ಸಾಗುವುದು ಶಿಷ್ಟಾಚಾರ. ಬ್ರಿಟನ್ನಿನಲ್ಲಿ ಬಾಗಿಲಿಗೆ ಅಂಟಿಸುವ ನಿರಾಕರಣೆಯ ಭಿತ್ತಿಪತ್ರಗಳನ್ನು ಪೊಲೀಸರು ಒದಗಿಸುವುದುಂಟು. ಉತ್ತರ ಕರ್ನಾಟಕದಲ್ಲಿಯೇ ಭಾದ್ರಪದ ಮಾಸದಲ್ಲಿ ಮಹಿಳೆಯರು ಜೋಕುಮಾರನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಬಂದು ಧಾನ್ಯ ಪಡೆಯುತ್ತಾರೆ; ಅಲ್ಲಿ ಹಾಡು ಇದೆ, ಕಳವಿನ ಬೆದರಿಕೆಯಿಲ್ಲ.

ಇತ್ತೀಚಿನ ಬದಲಾವಣೆಗಳು

ಅಡುಗೆ ಅನಿಲದ ಬಳಕೆ ಹೆಚ್ಚಿದಂತೆ ಕುಳ್ಳಿನ ಬಣವೆಗಳು ಕಡಿಮೆಯಾಗಿವೆ. ಪಟ್ಟಿ ಎತ್ತಿ ಕಟ್ಟಿಗೆ ಕೊಳ್ಳುವ ಕ್ರಮವೂ ಬಳಕೆಗೆ ಬಂದಿದೆ. ಇದರಿಂದ ಉರುವಲಿನ ಕಳವು ತಗ್ಗುತ್ತದೆಯಾದರೂ, ವಂತಿಗೆ ಕೊಡಲೊಲ್ಲದ ಮನೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.