ವಿದೇಶದಲ್ಲಿ ಒಂದು ಸೆಮಿಸ್ಟರ್: ಹೈದರಾಬಾದ್‌ನಲ್ಲಿ ಓದುತ್ತಿರುವವರು ಅರ್ಜಿ ಹಾಕುವ ಮುನ್ನ ತಿಳಿಯಬೇಕಾದ ಲೆಕ್ಕಗಳು

ಹೈದರಾಬಾದ್: ಗಚ್ಚಿಬೌಲಿಯಲ್ಲಿರುವ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಟಾಗೋರ್ ಇಂಟರ್‌ನ್ಯಾಷನಲ್ ಹೌಸ್ ಎಂಬ ವಸತಿಗೃಹವಿದೆ. ಬೇರೆ ದೇಶಗಳಿಂದ ಒಂದು ಸೆಮಿಸ್ಟರ್ ಓದಲು ಬರುವ ವಿದ್ಯಾರ್ಥಿಗಳು ಉಳಿಯುವುದು ಇಲ್ಲಿ. ನಾಲ್ಕೈದು ತಿಂಗಳು ತೆಲುಗು, ಹಿಂದಿ, ಸಂಸ್ಕೃತ, ಇತಿಹಾಸ, ನೃತ್ಯ ಹೀಗೆ ತಮಗೆ ಬೇಕಾದ ಕೋರ್ಸ್ ಓದಿ, ಪರೀಕ್ಷೆ ಬರೆದು, ಆ ಅಂಕಗಳೊಂದಿಗೆ ತಮ್ಮ ಊರಿನ ವಿಶ್ವವಿದ್ಯಾಲಯಕ್ಕೆ ಮರಳುತ್ತಾರೆ. ಇದೇ ಅವಕಾಶ ಇಲ್ಲಿ ಓದುವ ನಮ್ಮ ಮಕ್ಕಳಿಗೂ ಇದೆ. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿಯಿಂದ ಹೈದರಾಬಾದ್‌ಗೆ ಓದಲು ಬಂದವರಲ್ಲಿ ಹಲವರಿಗೆ ಈ ವಿಷಯ ತಿಳಿಯುವುದೇ ಕೊನೆಯ ವರ್ಷದಲ್ಲಿ. ಅಷ್ಟರಲ್ಲಿ ಸಮಯ ಮೀರಿರುತ್ತದೆ.

ಅರ್ಜಿ ಹಾಕಿದವರಲ್ಲೂ ಹೆಚ್ಚಿನವರು ವೀಸಾ, ವಿಮಾನ ಟಿಕೆಟ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ವಿನಿಮಯ ಸೆಮಿಸ್ಟರ್‌ನಲ್ಲಿ ಹೊಡೆತ ಬೀಳುವುದು ಹೆಚ್ಚಾಗಿ ಕ್ರೆಡಿಟ್ ಮತ್ತು ಕ್ಯಾಲೆಂಡರ್‌ನಲ್ಲಿ. ಅಲ್ಲಿ ಪಾಸಾದ ವಿಷಯವನ್ನು ಇಲ್ಲಿ ಒಪ್ಪದಿದ್ದರೆ ಅರ್ಧ ವರ್ಷವೇ ಹೋಯಿತು ಎಂದರ್ಥ.

ಹೈದರಾಬಾದ್‌ನಲ್ಲಿ ಇದು ಶುರುವಾಗಿದ್ದು ಹೇಗೆ?

ಹೈದರಾಬಾದ್ ವಿಶ್ವವಿದ್ಯಾಲಯ ಸ್ಥಾಪನೆಯಾಗಿದ್ದು 1974ರಲ್ಲಿ. ಮೊದಲ ತರಗತಿಗಳು ನಡೆದದ್ದು ನಗರದ ಅಬಿಡ್ಸ್ ಬಳಿ ಇರುವ ಸರೋಜಿನಿ ನಾಯ್ಡು ಅವರ ಮನೆ ‘ಗೋಲ್ಡನ್ ಥ್ರೆಶೋಲ್ಡ್’ನಲ್ಲಿ. ಅಲ್ಲಿಂದ ಗಚ್ಚಿಬೌಲಿಗೆ ಹೋದ ಈ ವಿಶ್ವವಿದ್ಯಾಲಯ 1998ರಲ್ಲಿ ‘ಸ್ಟಡಿ ಇನ್ ಇಂಡಿಯಾ ಪ್ರೋಗ್ರಾಂ’ ಆರಂಭಿಸಿತು. ಕೇಂದ್ರ ಸರ್ಕಾರ 2018ರಲ್ಲಿ ಶುರು ಮಾಡಿದ ‘ಸ್ಟಡಿ ಇನ್ ಇಂಡಿಯಾ’ ಯೋಜನೆಯೇ ಬೇರೆ, ಇದೇ ಬೇರೆ. ಹೆಸರು ಒಂದೇ ಆಗಿರುವುದರಿಂದ ಗೊಂದಲ ಸಹಜ. ಸರ್ಕಾರದ ಯೋಜನೆ ವಿದೇಶಿಯರನ್ನು ಮುಖ್ಯವಾಗಿ ಪೂರ್ಣ ಪದವಿಗೆ ಸೆಳೆಯಲು ಇದ್ದರೆ, ಹೈದರಾಬಾದ್‌ನದು ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಬಂದು ಹೋಗುವವರಿಗಾಗಿ ರೂಪಿಸಿದ್ದು.

ವಿದೇಶಿಯರು ಇಲ್ಲಿಗೆ ಬಂದರೆ ನಮಗೇನು ಎಂದು ಕೇಳಬಹುದು. ಸಂಬಂಧವಿದೆ. ವಿನಿಮಯ ಒಪ್ಪಂದಗಳು ಸಾಮಾನ್ಯವಾಗಿ ‘ಒಬ್ಬರಿಗೆ ಒಬ್ಬರು’ ಎಂಬ ಲೆಕ್ಕದಲ್ಲಿ ನಡೆಯುತ್ತವೆ. ಅಲ್ಲಿಂದ ಇಬ್ಬರು ಇಲ್ಲಿಗೆ ಬಂದರೆ ಇಲ್ಲಿಂದ ಇಬ್ಬರು ಅಲ್ಲಿಗೆ ಹೋಗಬಹುದು. ಇಬ್ಬರೂ ತಮ್ಮ ತಮ್ಮ ವಿಶ್ವವಿದ್ಯಾಲಯಕ್ಕೇ ಶುಲ್ಕ ಕಟ್ಟುತ್ತಾರೆ, ಹೋದ ಕಡೆ ಬೋಧನಾ ಶುಲ್ಕ ಇರುವುದಿಲ್ಲ. ಹಾಗಾಗಿ ಯಾರೂ ಬರದ ವರ್ಷ ಹೋಗುವವರ ಸೀಟೂ ಕಡಿಮೆಯಾಗುತ್ತದೆ. ಒಪ್ಪಂದದ ಪಟ್ಟಿಯಲ್ಲಿ ಇಪ್ಪತ್ತು ಹೆಸರಿದ್ದರೂ ಈ ವರ್ಷ ನಿಜವಾಗಿ ಎಷ್ಟು ಸೀಟು ಖಾಲಿ ಇದೆ ಎಂದು ಅಂತರರಾಷ್ಟ್ರೀಯ ವ್ಯವಹಾರಗಳ ಕಚೇರಿಯಲ್ಲಿ ವಿಚಾರಿಸುವುದು ಇದಕ್ಕೇ.

ನಗರದ ಬೇರೆ ಸಂಸ್ಥೆಗಳಲ್ಲೂ ಅವಕಾಶಗಳಿವೆ. 1998ರಲ್ಲಿ ಆರಂಭವಾದ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ, 2001ರಿಂದ ತರಗತಿ ನಡೆಸುತ್ತಿರುವ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ ಎರಡಕ್ಕೂ ವಿದೇಶಿ ಸಂಸ್ಥೆಗಳ ಜತೆ ವಿನಿಮಯ ಒಪ್ಪಂದಗಳಿವೆ. 2008ರಲ್ಲಿ ಶುರುವಾದ ಐಐಟಿ ಹೈದರಾಬಾದ್‌ಗೆ ಜಪಾನ್ ಜತೆ ಆರಂಭದಿಂದಲೂ ನಂಟು. ಸಂಗಾರೆಡ್ಡಿ ಬಳಿಯ ಕಂದಿಯಲ್ಲಿರುವ ಈ ಕ್ಯಾಂಪಸ್ ಇರುವುದು ಹುಮನಾಬಾದ್ ಮೇಲೆ ಸೋಲಾಪುರಕ್ಕೆ ಹೋಗುವ ಅದೇ ಹೆದ್ದಾರಿಯಲ್ಲಿ. ಬೀದರ್ ಕಡೆಯವರು ಬಸ್ಸಿನ ಕಿಟಕಿಯಿಂದ ನೋಡಿಯೇ ಇರುತ್ತಾರೆ.

ಈಗ ಇಫ್ಲು ಎಂದು ಕರೆಯುವ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ 1958ರಲ್ಲಿ ಶುರುವಾದಾಗ ಅದರ ಹೆಸರು ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್. ಕನ್ನಡದ ಕವಿ ವಿ.ಕೃ. ಗೋಕಾಕರು ಅದರ ನಿರ್ದೇಶಕರಾಗಿದ್ದರು. 1930ರ ದಶಕದಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿ ಓದಿ ಬಂದ ಅವರು ಆ ಅನುಭವವನ್ನು ‘ಸಮುದ್ರದಾಚೆಯಿಂದ’ ಎಂಬ ಪುಸ್ತಕವಾಗಿ ಬರೆದರು. ಆಗ ಪ್ರಯಾಣ ಹಡಗಿನಲ್ಲಿ, ಹೋದವರು ಮರಳಲು ವರ್ಷಗಳೇ ಬೇಕಿತ್ತು. ಒಂದು ಸೆಮಿಸ್ಟರ್‌ಗೆ ಹೋಗಿ ಬರುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಯುರೋಪ್‌ನಲ್ಲಿ 1987ರಲ್ಲಿ ಎರಾಸ್ಮಸ್ ಯೋಜನೆ ಶುರುವಾದ ಮೇಲೆ.

ವಿನಿಮಯ ಯಾವುದು, ಯಾವುದಲ್ಲ?

ಏಜೆಂಟರು ಎಲ್ಲವನ್ನೂ ‘ಎಕ್ಸ್‌ಚೇಂಜ್’ ಎಂದೇ ಕರೆಯುತ್ತಾರೆ. ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದವಿದ್ದು, ಹೋದ ಕಡೆ ಬೋಧನಾ ಶುಲ್ಕ ಇಲ್ಲದಿದ್ದರೆ ಅದು ವಿನಿಮಯ. ಒಪ್ಪಂದವಿಲ್ಲದೆ ನೀವೇ ಅರ್ಜಿ ಹಾಕಿ, ಪೂರ್ತಿ ಶುಲ್ಕ ಕಟ್ಟಿ ಒಂದು ಸೆಮಿಸ್ಟರ್ ಕೂತು ಬಂದರೆ ಅದು ಶುಲ್ಕ ಕಟ್ಟುವ ಅತಿಥಿ ವಿದ್ಯಾರ್ಥಿಯಾಗಿ ಓದಿದಂತೆ. ಅಮೆರಿಕದಲ್ಲಿ ಇದರ ಖರ್ಚು ಸೆಮಿಸ್ಟರ್‌ಗೆ ಹತ್ತಾರು ಲಕ್ಷ ರೂಪಾಯಿ ಆಗಬಹುದು.

ಮೂರನೆಯದು ಟ್ವಿನ್ನಿಂಗ್. ಯುಜಿಸಿ 2022ರ ಮೇ ತಿಂಗಳಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಟ್ವಿನ್ನಿಂಗ್ ಪದವಿಯಲ್ಲಿ ಒಟ್ಟು ಕ್ರೆಡಿಟ್‌ನ ಶೇ 30ರವರೆಗೆ ವಿದೇಶಿ ಸಂಸ್ಥೆಯಲ್ಲಿ ಗಳಿಸಬಹುದು. ಇದು ಕೋರ್ಸ್‌ಗೆ ಸೇರುವಾಗಲೇ ಗೊತ್ತಿರುವ ವ್ಯವಸ್ಥೆ, ಮಧ್ಯದಲ್ಲಿ ಹೊಳೆದು ಹೋಗುವಂಥದ್ದಲ್ಲ. ಯಾರಾದರೂ ‘ಎಕ್ಸ್‌ಚೇಂಜ್ ಸೀಟು’ ಎಂದು ಹಣ ಕೇಳಿದರೆ, ಆ ಒಪ್ಪಂದಕ್ಕೆ ನಿಮ್ಮ ವಿಶ್ವವಿದ್ಯಾಲಯ ಸಹಿ ಹಾಕಿದೆಯೇ ಎಂದು ಮೊದಲು ಕೇಳಿ.

ಕ್ರೆಡಿಟ್ ಲೆಕ್ಕ

ಭಾರತದಲ್ಲಿ ಒಂದು ಕ್ರೆಡಿಟ್ ಎಂದರೆ ಸಾಮಾನ್ಯವಾಗಿ ಸೆಮಿಸ್ಟರ್‌ಗೆ 15 ಗಂಟೆ ಪಾಠ. ಒಂದು ಸೆಮಿಸ್ಟರ್‌ಗೆ 20ರ ಆಸುಪಾಸು ಕ್ರೆಡಿಟ್ ಇರುತ್ತದೆ. ಯುರೋಪ್‌ನ ಇಸಿಟಿಎಸ್ ಪದ್ಧತಿಯಲ್ಲಿ ಸೆಮಿಸ್ಟರ್‌ಗೆ 30 ಕ್ರೆಡಿಟ್. ಅಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ ಕೆಲಸ, ಅದರಲ್ಲಿ ಪಾಠವೂ ಸೇರಿತು, ಮನೆಯಲ್ಲಿ ಓದುವುದೂ ಸೇರಿತು. ಹಾಗಾಗಿ ಅಲ್ಲಿನ 6 ಕ್ರೆಡಿಟ್ ಕೋರ್ಸ್ ಇಲ್ಲಿ ಸುಮಾರು 4 ಕ್ರೆಡಿಟ್‌ಗೆ ಸಮ. ಅಲ್ಲಿ 18 ಕ್ರೆಡಿಟ್ ತೆಗೆದುಕೊಂಡು ‘ಇಲ್ಲಿಯೂ 18’ ಎಂದುಕೊಂಡು ಬಂದರೆ 12 ಮಾತ್ರ ಸಿಗಬಹುದು. ಉಳಿದ ಕ್ರೆಡಿಟ್‌ಗೆ ಜೂನಿಯರ್‌ಗಳ ಜತೆ ಕೂರಬೇಕು.

ಅಂಕದ ಲೆಕ್ಕ ಇನ್ನೂ ವಿಚಿತ್ರ. ಜರ್ಮನಿಯಲ್ಲಿ 1.0 ಅತ್ಯುತ್ತಮ ಗ್ರೇಡ್, 4.0 ಪಾಸಿನ ಅಂಚು. ನಮ್ಮ ಹತ್ತರ ಸಿಜಿಪಿಎ ನೋಡಿ ಅಭ್ಯಾಸವಾದವರಿಗೆ 1.3 ಕಂಡರೆ ಎದೆ ಧಸಕ್ಕೆನ್ನುತ್ತದೆ, ಆದರೆ ಅದು ಬಹಳ ಒಳ್ಳೆಯ ಗ್ರೇಡ್. ಬ್ರಿಟನ್‌ನಲ್ಲಿ 70 ಬಂದರೆ ಫಸ್ಟ್ ಕ್ಲಾಸ್. ಅಲ್ಲಿ ಗೌರವದಿಂದ ನೋಡುವ 65 ಅಂಕವನ್ನು ಇಲ್ಲಿ ನೇರವಾಗಿ ಶೇ 65 ಎಂದು ಹಾಕಿಬಿಟ್ಟರೆ ಸಿಜಿಪಿಎ ಇಳಿಯುತ್ತದೆ.

ಅದಕ್ಕೇ ‘ಲರ್ನಿಂಗ್ ಅಗ್ರಿಮೆಂಟ್’ ಮುಖ್ಯ. ಅಲ್ಲಿ ಯಾವ ಕೋರ್ಸ್ ಓದುತ್ತೀರಿ, ಅದು ಇಲ್ಲಿನ ಯಾವ ಕೋರ್ಸ್‌ಗೆ ಬದಲಿ, ಎಷ್ಟು ಕ್ರೆಡಿಟ್, ಗ್ರೇಡ್ ಹೇಗೆ ಪರಿವರ್ತಿಸುತ್ತಾರೆ ಅಥವಾ ಬರೀ ಪಾಸ್ ಎಂದು ದಾಖಲಿಸುತ್ತಾರೆಯೇ ಎಂಬುದೆಲ್ಲ ಅದರಲ್ಲಿರಬೇಕು. ವಿಭಾಗದ ಮುಖ್ಯಸ್ಥರ ಸಹಿ ಮಾತ್ರ ಸಾಲದು, ಪರೀಕ್ಷಾ ವಿಭಾಗದ ಒಪ್ಪಿಗೆಯೂ ಬೇಕೇ ಎಂದು ಕೇಳಿ. ‘ಹೋಗಿ ಬಾ, ನೋಡಿಕೊಳ್ಳೋಣ’ ಎಂಬ ಬಾಯಿಮಾತಿನ ಮೇಲೆ ಹೊರಡಬೇಡಿ. ನೀವು ಮರಳುವಷ್ಟರಲ್ಲಿ ಆ ಮೇಷ್ಟ್ರು ಮುಖ್ಯಸ್ಥರಾಗಿ ಇರದೇ ಹೋಗಬಹುದು. ಅಲ್ಲಿ ಹೋದ ಮೇಲೆ ಕೋರ್ಸ್ ಬದಲಾಯಿಸಿದರೆ, ಅದೇ ವಾರ ಇಮೇಲ್ ಮಾಡಿ ಹೊಸ ಪಟ್ಟಿಗೂ ಒಪ್ಪಿಗೆ ಪಡೆಯಿರಿ.

ಯಾವ ದೇಶದ ಕ್ಯಾಲೆಂಡರ್ ಹೊಂದುತ್ತದೆ?

ನಮ್ಮ ಸೆಮಿಸ್ಟರ್ ಜುಲೈ ಅಥವಾ ಆಗಸ್ಟ್‌ನಿಂದ ಡಿಸೆಂಬರ್, ಜನವರಿಯಿಂದ ಮೇ. ಸಿಂಗಪುರ ಹೆಚ್ಚು ಕಡಿಮೆ ಇದೇ ತಿಂಗಳುಗಳಲ್ಲಿ ನಡೆಯುತ್ತದೆ. ಅಮೆರಿಕದ್ದು ಆಗಸ್ಟ್ ಕೊನೆಯಿಂದ ಡಿಸೆಂಬರ್, ಅದೂ ಹೊಂದುತ್ತದೆ. ಜುಲೈನಿಂದ ನವೆಂಬರ್‌ವರೆಗಿನ ಆಸ್ಟ್ರೇಲಿಯಾದ ಸೆಮಿಸ್ಟರ್ ಕೂಡ ಅನುಕೂಲವೇ.

ತೊಂದರೆ ಜರ್ಮನಿಯಲ್ಲಿ. ಅಲ್ಲಿನ ಚಳಿಗಾಲದ ಸೆಮಿಸ್ಟರ್‌ನ ಪಾಠ ಶುರುವಾಗುವುದೇ ಅಕ್ಟೋಬರ್‌ನಲ್ಲಿ, ಮುಗಿಯುವುದು ಫೆಬ್ರವರಿಯಲ್ಲಿ. ಪರೀಕ್ಷೆ ಮಾರ್ಚ್‌ವರೆಗೆ ಎಳೆಯಬಹುದು. ಅಷ್ಟರಲ್ಲಿ ಹೈದರಾಬಾದ್‌ನಲ್ಲಿ ಜನವರಿ ಸೆಮಿಸ್ಟರ್ ಅರ್ಧ ದಾಟಿರುತ್ತದೆ. ಒಂದು ಸೆಮಿಸ್ಟರ್‌ಗೆಂದು ಹೋದವರು ಎರಡು ಕಳೆದುಕೊಳ್ಳುವುದು ಹೀಗೆ. ಏಪ್ರಿಲ್‌ನಿಂದ ಜುಲೈ ನಡುವಿನ ಬೇಸಿಗೆ ಸೆಮಿಸ್ಟರ್ ಆರಿಸಿಕೊಂಡರೆ ಜನವರಿಯಿಂದ ಮಾರ್ಚ್ ಖಾಲಿ, ಆದರೆ ಮುಂದಿನ ಸೆಮಿಸ್ಟರ್‌ಗೆ ಹೆಚ್ಚು ತಡವಾಗದೆ ವಾಪಸ್ ಬರಬಹುದು. ಏಪ್ರಿಲ್ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಸೆಮಿಸ್ಟರ್ ಶುರುವಾಗುವ ಜಪಾನ್‌ನಲ್ಲೂ ಇದೇ ಸಮಸ್ಯೆ.

ಎಂಜಿನಿಯರಿಂಗ್ ಓದುವವರು ಏಳನೇ ಸೆಮಿಸ್ಟರ್‌ನಲ್ಲಿ ಹೋಗದಿರುವುದೇ ಮೇಲು. ಕ್ಯಾಂಪಸ್ ಪ್ಲೇಸ್‌ಮೆಂಟ್ ಹೆಚ್ಚಾಗಿ ಆಗಲೇ ನಡೆಯುತ್ತದೆ, ಐಐಟಿಗಳಲ್ಲಂತೂ ಡಿಸೆಂಬರ್ 1ರಿಂದಲೇ ಶುರು. ಐದು ಅಥವಾ ಆರನೇ ಸೆಮಿಸ್ಟರ್ ಸೂಕ್ತ. ಅಂದರೆ ಎರಡನೇ ವರ್ಷದಲ್ಲೇ ವಿಚಾರಿಸಬೇಕು.

ಶುಲ್ಕವಿಲ್ಲ, ಆದರೆ ಖರ್ಚು?

ಬೋಧನಾ ಶುಲ್ಕ ಮನ್ನಾ ಎಂದರೆ ಎಲ್ಲವೂ ಉಚಿತ ಎಂದಲ್ಲ. ಜರ್ಮನಿಯನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿ ವೀಸಾಕ್ಕೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಹಣವನ್ನು ‘ಬ್ಲಾಕ್ಡ್ ಅಕೌಂಟ್’ನಲ್ಲಿ ಮೊದಲೇ ಇಟ್ಟು ತೋರಿಸಬೇಕಾಗುತ್ತದೆ. ಈ ದರ ಜಾರಿಗೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಒಂದು ಯೂರೋಗೆ 100 ರೂಪಾಯಿ ಎಂದು ಹಿಡಿದರೆ ಆರು ತಿಂಗಳಿಗೆ ಸುಮಾರು 6 ಲಕ್ಷ ರೂಪಾಯಿ. ಈ ಹಣ ನಿಮ್ಮದೇ, ಅಲ್ಲಿ ತಿಂಗಳು ತಿಂಗಳು ನಿಮಗೇ ಸಿಗುತ್ತದೆ. ಆದರೆ ಹೊರಡುವ ಮೊದಲು ಒಟ್ಟಿಗೆ ಹೊಂದಿಸಬೇಕು. ತೊಗರಿ ಮಾರಿ ವರ್ಷದ ಲೆಕ್ಕ ಹಾಕುವ ಸೇಡಂ ಅಥವಾ ಆಳಂದದ ಮನೆಗೆ ಇದೇ ದೊಡ್ಡ ಗೋಡೆ. ಇದರ ಜತೆಗೆ ಆರೋಗ್ಯ ವಿಮೆ, ವೀಸಾ ಶುಲ್ಕ, ಟಿಕೆಟ್, ಮನೆಗೆ ಮುಂಗಡ.

ಈ ಗೋಡೆ ದಾಟಲು ವಿದ್ಯಾರ್ಥಿವೇತನವೇ ದಾರಿ. ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಯುರೋಪ್‌ನ ವಿಶ್ವವಿದ್ಯಾಲಯವೊಂದು ಭಾರತದ ಸಂಸ್ಥೆಯೊಂದಿಗೆ ಕ್ರೆಡಿಟ್ ವಿನಿಮಯದ ಅನುದಾನ ಪಡೆದಿದ್ದರೆ, ಇಲ್ಲಿಂದ ಹೋಗುವವರಿಗೆ ದೇಶವನ್ನು ಅವಲಂಬಿಸಿ ತಿಂಗಳಿಗೆ 800ರಿಂದ 900 ಯೂರೋ, ಜತೆಗೆ ಪ್ರಯಾಣ ವೆಚ್ಚ ಸಿಗುತ್ತದೆ. ಇದಕ್ಕೆ ಅರ್ಜಿ ಹಾಕಬೇಕಿರುವುದು ಬ್ರಸೆಲ್ಸ್‌ಗೆ ಅಲ್ಲ, ನಿಮ್ಮ ವಿಶ್ವವಿದ್ಯಾಲಯದ ಮೂಲಕ. ಜಪಾನ್‌ನ ಜಾಸ್ಸೊ ಸಂಸ್ಥೆ ವಿನಿಮಯದಲ್ಲಿ ಬರುವ ಆಯ್ದ ವಿದ್ಯಾರ್ಥಿಗಳಿಗೆ ತಿಂಗಳಿಗೆ 80 ಸಾವಿರ ಯೆನ್ ಕೊಡುತ್ತದೆ. ಎರಡರಲ್ಲೂ ಸೀಟು ಕಡಿಮೆ. ಎಲ್ಲರೂ ಕೇಳುವ ದೊಡ್ಡ ನಗರಗಳಿಗಿಂತ ಹೆಸರು ಕೇಳದ ಊರುಗಳ ವಿಶ್ವವಿದ್ಯಾಲಯಗಳಿಗೆ ಪೈಪೋಟಿ ಕಡಿಮೆ ಇರುತ್ತದೆ, ಬಾಡಿಗೆಯೂ ಅಗ್ಗ.

ಈಗಾಗಲೇ ಸರ್ಕಾರದ ವಿದ್ಯಾರ್ಥಿವೇತನ ಪಡೆಯುತ್ತಿರುವವರು ವಿದೇಶದಲ್ಲಿರುವ ತಿಂಗಳುಗಳಿಗೆ ಅದು ನಿಲ್ಲುತ್ತದೆಯೇ, ಹಾಜರಾತಿ ಹೇಗೆ ತೋರಿಸಬೇಕು ಎಂದು ಲಿಖಿತವಾಗಿ ಕೇಳಿಕೊಳ್ಳಿ. ಹಾಸ್ಟೆಲ್ ಕೊಠಡಿ ಮರಳಿದಾಗ ಸಿಗುತ್ತದೆಯೇ ಎಂಬುದನ್ನೂ ಕೇಳಿ.

ಅಲ್ಲಿ ದುಡಿದು ಖರ್ಚು ತೂಗಿಸುತ್ತೇನೆ ಎಂಬ ಲೆಕ್ಕ ಒಂದು ಸೆಮಿಸ್ಟರ್‌ಗೆ ಅಷ್ಟಾಗಿ ಕೂಡಿಬರುವುದಿಲ್ಲ. ಜಪಾನ್‌ನಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು. ಆದರೆ ಬ್ಯಾಂಕ್ ಖಾತೆ, ನೋಂದಣಿ, ಕೆಲಸ ಹುಡುಕುವುದು ಇಷ್ಟರಲ್ಲೇ ಮೊದಲ ಒಂದೂವರೆ ತಿಂಗಳು ಹೋಗುತ್ತದೆ.

ವೀಸಾ: ಯಾವ ಊರಿನಿಂದ?

ಅಮೆರಿಕಕ್ಕೆ ವಿನಿಮಯದಲ್ಲಿ ಹೋಗುವವರಿಗೆ ಸಾಮಾನ್ಯವಾಗಿ ಜೆ-1 ವೀಸಾ. ಆತಿಥೇಯ ವಿಶ್ವವಿದ್ಯಾಲಯ ಡಿಎಸ್-2019 ಎಂಬ ಪತ್ರ ಕಳಿಸುತ್ತದೆ. ಪೂರ್ಣ ಪದವಿಗೆ ಹೋಗುವವರ ಎಫ್-1ಗಿಂತ ಇದು ಬೇರೆ. ಜೆ-1ನಲ್ಲಿ ಹೋದ ಕೆಲವರು ಎರಡು ವರ್ಷ ಸ್ವದೇಶದಲ್ಲಿ ಇರಲೇಬೇಕೆಂಬ ಷರತ್ತು ಹಿಂದೆ ಕೌಶಲ ಪಟ್ಟಿಯ ಕಾರಣಕ್ಕೆ ಭಾರತೀಯರಿಗೂ ಅನ್ವಯವಾಗುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಆ ಪಟ್ಟಿಯಿಂದ ಭಾರತವನ್ನು ಕೈಬಿಡಲಾಗಿದೆ. ಆದರೆ ಸರ್ಕಾರಿ ಹಣದಲ್ಲಿ ಹೋಗುವವರಿಗೆ ಷರತ್ತು ಈಗಲೂ ಇದೆ.

ಹೈದರಾಬಾದ್‌ನಲ್ಲಿ ಅಮೆರಿಕದ ಕಾನ್ಸುಲೇಟ್ 2008ರಲ್ಲಿ ಬೇಗಂಪೇಟೆಯ ಪೈಗಾ ಅರಮನೆಯಲ್ಲಿ ಶುರುವಾಗಿ, 2023ರ ಮಾರ್ಚ್‌ನಲ್ಲಿ ನಾನಕ್‌ರಾಮ್‌ಗುಡಕ್ಕೆ ಸ್ಥಳಾಂತರವಾಯಿತು. ಹಳೆಯ ವಿಳಾಸ ಹಿಡಿದು ಬೇಗಂಪೇಟೆಗೆ ಹೋಗಬೇಡಿ. ಕೆಲವು ಯುರೋಪಿಯನ್ ದೇಶಗಳು ನೀವು ವಾಸಿಸುವ ರಾಜ್ಯವನ್ನು ನೋಡಿ ಯಾವ ಕಾನ್ಸುಲೇಟ್ ಎಂದು ನಿಗದಿ ಮಾಡುತ್ತವೆ. ಆಧಾರ್‌ನಲ್ಲಿ ಕಲಬುರಗಿ, ವಾಸ ಗಚ್ಚಿಬೌಲಿ ಎಂದಿದ್ದರೆ ವಿಶ್ವವಿದ್ಯಾಲಯದಿಂದ ವ್ಯಾಸಂಗ ಮತ್ತು ವಸತಿ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಷೆಂಗೆನ್ ಅಲ್ಪಾವಧಿ ವೀಸಾ 180 ದಿನಗಳಲ್ಲಿ 90 ದಿನಕ್ಕೆ ಮಾತ್ರ, ಸೆಮಿಸ್ಟರ್‌ಗೆ ಅದು ಸಾಲದು, ಆಯಾ ದೇಶದ ದೀರ್ಘಾವಧಿ ವೀಸಾ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಮರಳಿ ಬಂದ ಮೇಲೆ

ಅಲ್ಲಿನ ವಿಶ್ವವಿದ್ಯಾಲಯ ಅಂಕಪಟ್ಟಿ ಕಳಿಸಲು ಒಂದೆರಡು ತಿಂಗಳು ತೆಗೆದುಕೊಳ್ಳುವುದು ಮಾಮೂಲು. ಅಲ್ಲಿಂದ ಹೊರಡುವ ಮುನ್ನ ಪ್ರತಿ ಕೋರ್ಸ್‌ನ ಪಠ್ಯಕ್ರಮ, ಪಾಠದ ಗಂಟೆಗಳ ವಿವರ, ಗ್ರೇಡ್ ಪದ್ಧತಿಯ ವಿವರಣೆ ಇಷ್ಟನ್ನೂ ಮುದ್ರೆಯೊಂದಿಗೆ ತೆಗೆದುಕೊಳ್ಳಿ. ವಾಪಸ್ ಬಂದು ಇಮೇಲ್‌ನಲ್ಲಿ ಕೇಳಿದರೆ ರಜೆಯ ಕಾಲದಲ್ಲಿ ಉತ್ತರ ಕೊಡುವವರು ಯಾರೂ ಇರುವುದಿಲ್ಲ. ಇಲ್ಲಿ ಕ್ರೆಡಿಟ್ ದಾಖಲಾದ ಮೇಲೆ ನಿಮ್ಮ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲೂ ಅದು ಕಾಣುತ್ತಿದೆಯೇ ಎಂದು ನೋಡಿಕೊಳ್ಳಿ. ಕಾಣದಿದ್ದರೆ ಮುಂದಿನ ಪರೀಕ್ಷಾ ಅರ್ಜಿ ತುಂಬುವ ಮೊದಲೇ ಸಹಿ ಮಾಡಿಸಿದ ಅಗ್ರಿಮೆಂಟ್ ಪ್ರತಿ ಹಿಡಿದು ಪರೀಕ್ಷಾ ವಿಭಾಗಕ್ಕೆ ಹೋಗಿ.